ಸದ್ದಿಲ್ಲದೆ ಕಚ್ಚುವ ನುಸಿ

ಮಕ್ಕಳೇ, ಚಿತ್ತಿ ಮಳೆ ಮುಗಿದು ಸ್ವಾತಿ ಮಳೆ ಶುರುವಾಗುವ ದಿನಗಳನ್ನು ನೆನಪಿಸಿಕೊಳ್ಳಿ. ಸೂರ್ಯ ಮುಳುಗುವ ಹೊತ್ತು. ಗಾಳಿ ನಿಂತಿರುತ್ತದೆ. ನೀವು ಮನೆ ಮುಂದಿನ ಕಟ್ಟೆಯ ಮೇಲೆ ಕುಳಿತಿರುತ್ತೀರಿ, ಇಲ್ಲವೇ ಎಮ್ಮೆಗೆ ಮೇವು ಹಾಕಲು ಕೊಟ್ಟಿಗೆಯ ಕಡೆ ಹೋಗಿರುತ್ತೀರಿ. ಕಿವಿಯ ಹತ್ತಿರ ಗುಂಯ್ ಎಂಬ ಸದ್ದು ಇಲ್ಲ. ಆದರೂ ಕಾಲಿನ ಮೇಲೆ ಚುರ್ ಎನ್ನುತ್ತದೆ. ಬಗ್ಗಿ ನೋಡಿದರೆ ಏನೋ ಒಂದು ಕರಿ ಚುಕ್ಕೆ, ಅಷ್ಟೆ. ಒರೆಸಿದರೆ ರಕ್ತದ ಕಲೆ. ಮರುದಿನ ಅಲ್ಲಿ ಕೆಂಪು ಗುಳ್ಳೆ ಎದ್ದು, ಪಾಠ ಕೇಳುವಾಗಲೂ ಕೈ ಅಲ್ಲಿಗೇ ಹೋಗುತ್ತದೆ.

ಇದು ನುಸಿಯ ಕೆಲಸ. ಹಳೆಯ ಜೋಳದ ಚೀಲದಲ್ಲಿ ಸಿಗುವ ನುಸಿ ಬೇರೆ, ಅದು ಕಾಳು ತಿನ್ನುವ ಹುಳು. ನಾವು ಹೇಳುತ್ತಿರುವುದು ರಕ್ತ ಹೀರುವ ನುಸಿ. ಇದರ ಉದ್ದ 1ರಿಂದ 3 ಮಿಲಿಮೀಟರ್, ಹೆಚ್ಚೆಂದರೆ ಎರಡು ರಾಗಿ ಕಾಳಿನಷ್ಟು. ವಿಜ್ಞಾನಿಗಳು ಇದನ್ನು ಕ್ಯುಲಿಕಾಯ್ಡಿಸ್ ಎಂದು ಕರೆಯುತ್ತಾರೆ. ಈ ಒಂದು ಹೆಸರಿನ ಕೆಳಗೆ ಜಗತ್ತಿನಲ್ಲಿ ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ಭೂತಗನ್ನಡಿ ಹಿಡಿದು ನೋಡಿದರೆ ಬಹುತೇಕ ಜಾತಿಗಳ ರೆಕ್ಕೆಯ ಮೇಲೆ ಚಿರತೆಯ ಮೈಯಂತೆ ಚುಕ್ಕೆಗಳು ಕಾಣುತ್ತವೆ.

ನಮ್ಮ ಕಡೆ ಗುಂಗಾಡು ಎನ್ನುವ ಸೊಳ್ಳೆಗೂ ಈ ನುಸಿಗೂ ಏನು ವ್ಯತ್ಯಾಸ? ಸೊಳ್ಳೆಯ ಬಾಯಿ ಉದ್ದನೆಯ ಸೂಜಿಯ ಹಾಗೆ. ಅದು ತೆಳು ಅಂಗಿಯ ಮೇಲಿಂದಲೇ ಚುಚ್ಚಬಲ್ಲದು. ನುಸಿಯ ಬಾಯಿ ಬಹಳ ಮೋಟು, ತುದಿಯಲ್ಲಿ ಕತ್ತರಿಯಂಥ ಸಣ್ಣ ಅಲಗುಗಳು. ಅದು ಚರ್ಮವನ್ನು ಕತ್ತರಿಸಿ, ಒಸರಿದ ರಕ್ತವನ್ನು ಹೀರುತ್ತದೆ. ಕಚ್ಚುವಾಗ ಅದರ ಜೊಲ್ಲು ಗಾಯಕ್ಕೆ ಸೇರುತ್ತದೆ. ಆ ಜೊಲ್ಲನ್ನು ನಮ್ಮ ದೇಹ ಹೊರಗಿನ ವಸ್ತು ಎಂದು ಗುರುತಿಸಿ ಎದುರಿಸುತ್ತದೆ. ಆಗಲೇ ಊತ, ತುರಿಕೆ. ಸೊಳ್ಳೆಯಂತೆ ಇದರಲ್ಲೂ ಕಚ್ಚುವುದು ಹೆಣ್ಣು ಮಾತ್ರ, ಮೊಟ್ಟೆ ಬಲಿಯಲು ಅದಕ್ಕೆ ರಕ್ತ ಬೇಕು. ಗಂಡು ನುಸಿ ಹೂವಿನ ಮಕರಂದ ಕುಡಿದುಕೊಂಡು ತನ್ನ ಪಾಡಿಗೆ ತಾನಿರುತ್ತದೆ.

ನುಸಿಯ ಮೋಟು ಬಾಯಿ ಬಟ್ಟೆಯನ್ನು ದಾಟಿ ಬರಲಾರದು. ಆದ್ದರಿಂದ ಸಂಜೆ ತುಂಬು ತೋಳಿನ ಅಂಗಿ, ಪಾದದವರೆಗೆ ಬರುವ ಪ್ಯಾಂಟು ಅಥವಾ ಲಂಗ ಹಾಕಿಕೊಂಡರೆ ಅರ್ಧ ಯುದ್ಧ ಗೆದ್ದಂತೆ. ಕುರಿಗಾರರು ಹೊತ್ತು ಮುಳುಗಿದ ಕೂಡಲೇ ಕಂಬಳಿ ಹೊದ್ದು ಕೂರುವುದು ಚಳಿಗಾಗಿ ಎಂದು ನಾವು ತಿಳಿದಿದ್ದೇವೆ. ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿ ಕಂಬಳಿಗೆ ಹೆಸರಾದ ಊರು. ಅಂಥ ದಪ್ಪ ಕಂಬಳಿಯನ್ನು ದಾಟಿ ಕಚ್ಚುವ ನುಸಿ ಇನ್ನೂ ಹುಟ್ಟಿಲ್ಲ!

ಕಂಬಳಿ ಹೊದ್ದವರು ಪಾರಾದರು. ಕುರಿಯ ಗತಿ?

ತುರಿಕೆ ನಮಗೆ ಎರಡು ದಿನದ ತಾಪತ್ರಯ. ಕುರಿಗೆ ಇದೇ ನುಸಿ ಸಾವನ್ನು ತರಬಲ್ಲದು. ನೀಲಿ ನಾಲಿಗೆ ರೋಗ ಎಂಬ ಹೆಸರನ್ನು ಕುರಿ ಸಾಕುವ ಮನೆಯ ಮಕ್ಕಳು ಕೇಳಿರಬಹುದು. ಇದು ವೈರಸ್ಸಿನಿಂದ ಬರುತ್ತದೆ. ಕುರಿಗೆ ಜೋರು ಜ್ವರ, ಮೂಗಿನಲ್ಲಿ ಸಿಂಬಳ, ತುಟಿ ಮತ್ತು ಮುಖದ ಊತ, ಬಾಯಲ್ಲಿ ಹುಣ್ಣು. ಗೊರಸಿನ ಮೇಲಂಚು ಕೆಂಪಾಗಿ ಕುರಿ ಕುಂಟುತ್ತದೆ. ಕೆಲವು ಕುರಿಗಳಲ್ಲಿ ನಾಲಿಗೆ ಊದಿ ನೀಲಿಯಾಗುತ್ತದೆ, ಹೆಸರು ಬಂದದ್ದು ಅದರಿಂದಲೇ. ಮೇವು ತಿನ್ನಲಾಗದೆ ಹಿಂಡಿನಲ್ಲಿ ಹಲವು ಸಾಯುತ್ತವೆ, ಉಳಿದವು ಸೊರಗುತ್ತವೆ. ಭಾರತದಲ್ಲಿ ಇದು ಮೊದಲು ಗುರುತಾದದ್ದು 1964ರಲ್ಲಿ, ಮಹಾರಾಷ್ಟ್ರದಲ್ಲಿ. ನಮ್ಮ ಕರ್ನಾಟಕ, ಆಂಧ್ರ, ತೆಲಂಗಾಣ, ತಮಿಳುನಾಡುಗಳಲ್ಲಿ ಮಳೆ ಚೆನ್ನಾಗಿ ಆದ ವರ್ಷ ಇದರ ಕಾಟ ಹೆಚ್ಚು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹೆಚ್ಚು ಎಚ್ಚರ ಬೇಕು.

ಒಂದು ಸಮಾಧಾನದ ಮಾತು. ಈ ರೋಗ ಮನುಷ್ಯರಿಗೆ ಬರುವುದಿಲ್ಲ. ಒಂದು ಕುರಿ ಇನ್ನೊಂದರ ಪಕ್ಕ ನಿಂತ ಮಾತ್ರಕ್ಕೂ ಸಾಮಾನ್ಯವಾಗಿ ಹರಡುವುದಿಲ್ಲ. ನಡುವೆ ನುಸಿ ಬೇಕೇ ಬೇಕು. ಇದನ್ನು 1944ರಲ್ಲಿ ದಕ್ಷಿಣ ಆಫ್ರಿಕದ ದು ಟಾಯ್ಟ್ ಎಂಬ ಪಶುವಿಜ್ಞಾನಿ ತೋರಿಸಿಕೊಟ್ಟರು. ರೋಗದ ಕುರಿಯ ರಕ್ತ ಹೀರಿದ ನುಸಿಯ ಮೈಯಲ್ಲಿ ವೈರಸ್ಸು ಒಂದೆರಡು ವಾರ ಬೆಳೆಯುತ್ತದೆ. ಆಮೇಲೆ ಆ ನುಸಿ ಬದುಕಿರುವಷ್ಟು ದಿನವೂ ಕಚ್ಚಿದಾಗಲೆಲ್ಲ ರೋಗ ಅಂಟಿಸಬಲ್ಲದು. ದನಗಳ ಮೈಯಲ್ಲಿಯೂ ಈ ವೈರಸ್ಸು ವಾರಗಟ್ಟಲೆ ಇರುತ್ತದೆ, ಆದರೆ ಹೆಚ್ಚಿನ ದನಗಳು ಆರಾಮಾಗಿಯೇ ಕಾಣುತ್ತವೆ. ಅಂದರೆ ಮೆಲುಕು ಹಾಕುತ್ತ ಕುಳಿತ ಎತ್ತಿನಿಂದ ನುಸಿಯ ಮೂಲಕ ಪಕ್ಕದ ಕುರಿಮರಿಗೆ ರೋಗ ದಾಟಬಹುದು. 2006ರ ಆಗಸ್ಟಿನಲ್ಲಿ ನೆದರ್‌ಲ್ಯಾಂಡ್ಸ್, ಬೆಲ್ಜಿಯಂ, ಜರ್ಮನಿಗಳಲ್ಲಿ ಈ ರೋಗ ಕಾಣಿಸಿಕೊಂಡಾಗ ಅಲ್ಲಿಯವರು ಬೆಚ್ಚಿಬಿದ್ದರು. ಅಷ್ಟು ಉತ್ತರದ ಚಳಿ ನಾಡಿಗೆ ಅದು ಬರಲಾರದು ಎಂದು ನಂಬಿದ್ದರು. ಅಲ್ಲಿನ ಸ್ಥಳೀಯ ನುಸಿಗಳೇ ರೋಗವನ್ನು ಹೊತ್ತು ತಿರುಗಿದವು.

ಹಾಗಾದರೆ ಈ ನುಸಿ ಎಲ್ಲಿ ಹುಟ್ಟುತ್ತದೆ? ಡೆಂಗಿ ಬಗ್ಗೆ ಶಾಲೆಯಲ್ಲಿ ನಿಮಗೆ ಹೇಳಿದ್ದಾರೆ: ತೊಟ್ಟಿ, ಡ್ರಮ್ಮು, ಒಡೆದ ಟೈರಿನಲ್ಲಿ ನಿಂತ ನೀರು ಚೆಲ್ಲಿ, ಸೊಳ್ಳೆ ಮೊಟ್ಟೆ ಇಡುವುದಿಲ್ಲ. ಮಾತು ಸರಿ. ಆದರೆ ನುಸಿಗೆ ನಿಂತ ನೀರೇ ಬೇಕೆಂದಿಲ್ಲ, ಅದಕ್ಕೆ ರಾಡಿ ಸಾಕು. ಸೆಗಣಿ, ಉಚ್ಚೆ ಬೆರೆತು ಸದಾ ಒದ್ದೆಯಾಗಿರುವ ಮಣ್ಣು. ದನದ ಬಾನಿಯಿಂದ ನೀರು ತುಳುಕಿ ಸುತ್ತಲೂ ಆಗುವ ಕೆಸರು. ಬಚ್ಚಲ ನೀರು ಹರಿದು ಹಿತ್ತಲಲ್ಲಿ ಆಗುವ ಹಸಿ ಜಾಗ. ತಿಪ್ಪೆಯ ಬುಡದಲ್ಲಿ ಒಸರುವ ಕಪ್ಪು ನೀರಿನ ಅಂಚು. ಅಲ್ಲಿ ಇಟ್ಟ ಮೊಟ್ಟೆಯಿಂದ ದಾರದ ಎಳೆಯಂಥ ಮರಿಹುಳು ಬರುತ್ತದೆ. ಅದು ಕೆಸರಿನಲ್ಲೇ ತಿಂದು ಬೆಳೆದು, ಕೋಶವಾಗಿ, ನಂತರ ರೆಕ್ಕೆ ಬಂದು ಹೊರಬೀಳುತ್ತದೆ. ನಮ್ಮಂಥ ಬೆಚ್ಚನೆಯ ನಾಡಿನಲ್ಲಿ ಇಷ್ಟಕ್ಕೆಲ್ಲ ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ.

ಈ ಲೆಕ್ಕವನ್ನು ಸ್ವಲ್ಪ ಯೋಚಿಸಿ. ಬೆಳೆಯಲು ಎರಡು ವಾರವಾದರೂ ಬೇಕು, ಅಷ್ಟೂ ದಿನ ನೆಲ ಒದ್ದೆಯಾಗಿರಬೇಕು. ವಾರಕ್ಕೊಮ್ಮೆ ಆ ಜಾಗವನ್ನು ಚೆನ್ನಾಗಿ ಒಣಗಿಸಿದರೆ? ಮರಿಹುಳು ಒಣಗಿ ಸಾಯುತ್ತದೆ. ಔಷಧಿ ಸಿಂಪಡಿಸುವ ಖರ್ಚೂ ಇಲ್ಲ. ಸೆಗಣಿಯನ್ನು ದಿನವೂ ಎತ್ತಿ ತಿಪ್ಪೆಗೆ ಹಾಕುವುದು, ತಿಪ್ಪೆಯನ್ನು ಎತ್ತರದ ಜಾಗದಲ್ಲಿ ಮಾಡುವುದು, ಬಾನಿಯ ಸುತ್ತ ಕಲ್ಲು ಗರಸು ಹಾಕುವುದು, ಬಚ್ಚಲ ನೀರಿಗೆ ಇಂಗುಗುಂಡಿ ತೋಡುವುದು. ಇವನ್ನು ನಿಮ್ಮ ಅಪ್ಪ, ಕಾಕಾ ಒಂದು ದಿನ ಮಾಡಿದರೆ ವರ್ಷವಿಡೀ ಉಪಯೋಗ. ನಿಮ್ಮ ಪಾಲಿಗೆ ಬಾನಿ ತುಂಬಿ ತುಳುಕದಂತೆ ನಳ ನಿಲ್ಲಿಸುವ ಕೆಲಸ ಉಳಿಯುತ್ತದೆ!

ಗೊಬ್ಬರಕ್ಕಾಗಿ ರಾತ್ರಿ ಹೊಲದಲ್ಲಿ ಕುರಿ ತರುಬುವ ರೂಢಿ ಹಾವೇರಿ, ಬ್ಯಾಡಗಿ ಕಡೆ ಇದೆ. ಮಳೆಗಾಲದ ಕೊನೆಯಲ್ಲಿ ತಗ್ಗಿನ ಎರೆ ಹೊಲಕ್ಕಿಂತ ಗಾಳಿಯಾಡುವ ಮಡ್ಡಿ ನೆಲದಲ್ಲಿ ಹಿಂಡು ನಿಲ್ಲಿಸುವುದು ಮೇಲು. ಕೆರೆಯಂಚು, ದನದ ಕೊಟ್ಟಿಗೆ ದೂರವಿದ್ದಷ್ಟೂ ಒಳ್ಳೆಯದು. ಮತ್ತೆ ಲಸಿಕೆಯೂ ಇದೆ. ಈ ವೈರಸ್ಸಿನಲ್ಲಿ 25ಕ್ಕೂ ಹೆಚ್ಚು ಬಗೆಗಳಿರುವುದರಿಂದ ಲಸಿಕೆ ಮಾಡುವುದು ಸುಲಭವಾಗಿರಲಿಲ್ಲ. ಒಂದು ಬಗೆಗೆ ಕೊಟ್ಟ ಲಸಿಕೆ ಇನ್ನೊಂದು ಬಗೆಯನ್ನು ತಡೆಯುವುದಿಲ್ಲ. ನಮ್ಮ ದೇಶದ ವಿಜ್ಞಾನಿಗಳು ಇಲ್ಲಿ ಹೆಚ್ಚಾಗಿ ಕಾಣುವ ಐದು ಬಗೆಗಳನ್ನು ಆರಿಸಿ, ಐದಕ್ಕೂ ಸೇರಿ ಒಂದೇ ಲಸಿಕೆ ತಯಾರಿಸಿದ್ದಾರೆ. ನುಸಿ ಹೆಚ್ಚುವ ಮೊದಲೇ ಅದನ್ನು ಹಾಕಿಸಬೇಕು. ಮನೆಯಲ್ಲಿ ಕುರಿ ಇದ್ದರೆ ಪಶು ಆಸ್ಪತ್ರೆಯಲ್ಲಿ ವಿಚಾರಿಸಲು ಹಿರಿಯರಿಗೆ ನೆನಪು ಮಾಡಿ.

ಈಗ ಮನೆಯ ಒಳಗೆ ಬರೋಣ. ಸೊಳ್ಳೆ ಪರದೆ ಕಟ್ಟಿದರೂ ನುಸಿ ಕಚ್ಚುತ್ತದಲ್ಲ, ಏಕೆ? ಸಾಮಾನ್ಯ ಸೊಳ್ಳೆ ಪರದೆಯಲ್ಲಿ ಒಂದು ಚದರ ಇಂಚಿಗೆ ಸುಮಾರು 156 ರಂಧ್ರಗಳಿರುತ್ತವೆ. ಅಂದರೆ ಒಂದು ಬದಿಗೆ 12, ಇನ್ನೊಂದು ಬದಿಗೆ 13. ಒಂದು ಇಂಚು ಎಂದರೆ ಸುಮಾರು 25 ಮಿಲಿಮೀಟರ್. ಭಾಗಿಸಿ ನೋಡಿ: ದಾರದ ದಪ್ಪವೂ ಸೇರಿ ಒಂದೊಂದು ರಂಧ್ರಕ್ಕೆ ಸುಮಾರು 2 ಮಿಲಿಮೀಟರ್. ನುಸಿಯ ಮೈ ಅಗಲ 1 ಮಿಲಿಮೀಟರಿಗಿಂತ ಕಡಿಮೆ. ಅದಕ್ಕೆ ಇದು ಪರದೆಯಲ್ಲ, ತೆರೆದ ಬಾಗಿಲು. ರಾಣೆಬೆನ್ನೂರು ಭಾಗದ ಮಕ್ಕಳು ತರಕಾರಿ ಬೀಜೋತ್ಪಾದನೆಯ ನೆಟ್ ಮನೆಗಳನ್ನು ನೋಡಿರುತ್ತೀರಿ. ಬಿಳಿನೊಣದಂಥ ಸಣ್ಣ ಕೀಟ ತಡೆಯಲು ಅಲ್ಲಿ ಇಂಚಿಗೆ 40 ರಂಧ್ರದ ಬಲೆ ಬಳಸುವುದುಂಟು. ಅಷ್ಟು ಒತ್ತಾದ ಬಲೆ ನುಸಿಯನ್ನೂ ತಡೆಯುತ್ತದೆ. ಆದರೆ ಅದರೊಳಗೆ ಗಾಳಿ ಕಡಿಮೆ, ಸೆಕೆಯಲ್ಲಿ ಮಲಗುವುದು ಕಷ್ಟ. ತೊಟ್ಟಿಲ ಮಗುವಿಗೆ ಹಳೆಯ ತೆಳು ಹತ್ತಿ ಸೀರೆಯ ಪರದೆ ಸಾಕು, ಮಗುವಿನ ಮುಖದಿಂದ ದೂರ ಇರುವಂತೆ ಬಿಗಿಯಾಗಿ ಕಟ್ಟಬೇಕು.

ನುಸಿಯ ದೊಡ್ಡ ದೌರ್ಬಲ್ಯ ಗಾಳಿ. ಅದು ಬಲಹೀನ ಹಾರಾಟಗಾರ. ಗಾಳಿ ಗಂಟೆಗೆ ಸುಮಾರು 10 ಕಿಲೋಮೀಟರ್ ವೇಗಕ್ಕೆ ಏರಿದರೆ, ಅಂದರೆ ಬೇವಿನ ಎಲೆಗಳು ಬಿಡದೆ ಅಲ್ಲಾಡುವಷ್ಟು ಬೀಸಿದರೆ, ಹೆಚ್ಚಿನ ನುಸಿಗಳು ಹಾರದೆ ಕುಳಿತುಬಿಡುತ್ತವೆ. ಆದ್ದರಿಂದ ಒಂದು ಫ್ಯಾನು ನುಸಿಗೆ ಬಿರುಗಾಳಿ ಇದ್ದಂತೆ. ಮಲಗುವಾಗ ಫ್ಯಾನಿನ ಗಾಳಿ ಮೈಗೆ ತಾಗುವಂತಿರಲಿ. ಕರೆಂಟು ಹೋದಾಗ ಏನು ಎನ್ನುತ್ತೀರಾ? ಬೇವಿನ ಸೊಪ್ಪಿನ ಹೊಗೆ ಹಾಕುವುದು ಹಳೆಯ ಪದ್ಧತಿ. ಕೊಟ್ಟಿಗೆಯ ಬಯಲಿನಲ್ಲಿ ಹಾಕಿದರೆ ನುಸಿ ಸ್ವಲ್ಪ ಹೊತ್ತು ದೂರವಿರುತ್ತದೆ, ಅಡ್ಡಿಯಿಲ್ಲ. ಮುಚ್ಚಿದ ಕೋಣೆಯೊಳಗೆ ಹಾಕುವುದನ್ನು ನಾನಂತೂ ಒಪ್ಪುವುದಿಲ್ಲ. ನುಸಿಗಿಂತ ಮೊದಲು ಅಜ್ಜಿಗೆ ಕೆಮ್ಮು ಬರುತ್ತದೆ.

ಕಚ್ಚಿದ ಜಾಗವನ್ನು ಸಾಬೂನು ಹಾಕಿ ತಣ್ಣೀರಿನಲ್ಲಿ ತೊಳೆಯಿರಿ. ತಣ್ಣೀರಿನ ಬಟ್ಟೆ ಇಟ್ಟರೆ ತುರಿಕೆ ತಗ್ಗುತ್ತದೆ. ಉಗುರಿನಿಂದ ಕೆರೆದರೆ ಗಾಯವಾಗಿ ಕೀವು ತುಂಬುತ್ತದೆ. ಊತ ಹರಡಿದರೆ, ಕೀವಾದರೆ, ಜ್ವರ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಸಣ್ಣದಾಗಿ ಕಚ್ಚುವವರಲ್ಲಿ ಉಸುಕು ನೊಣ ಎಂಬ ಇನ್ನೊಂದಿದೆ. ಮೈತುಂಬ ಕೂದಲು, ಕುಳಿತಾಗ ರೆಕ್ಕೆ ಮೇಲೆತ್ತಿರುತ್ತದೆ. ಬಿಹಾರದ ಕಡೆ ಕಾಲಾ ಅಜಾರ್ ರೋಗ ಹರಡುವುದು ಅದೇ. ಅದು ಮಣ್ಣಿನ ಗೋಡೆಯ ಬಿರುಕುಗಳಲ್ಲಿ ಅಡಗುತ್ತದೆ, ಬಿರುಕು ಮೆತ್ತಿ ಸಾರಿಸಿದರೆ ಅದಕ್ಕೆ ಜಾಗ ಸಿಗುವುದಿಲ್ಲ.

ಅಂದಹಾಗೆ ನುಸಿಯ ಕುಲವನ್ನೆಲ್ಲ ಬೈಯುವಂತಿಲ್ಲ. ಚಾಕೊಲೇಟ್ ಮಾಡುವ ಕೋಕೋ ಗಿಡದ ಹೂವು ತೀರ ಚಿಕ್ಕದು. ಅದರಲ್ಲಿ ಪರಾಗಸ್ಪರ್ಶ ಮಾಡುವವರಲ್ಲಿ ಮುಖ್ಯರು ಈ ನುಸಿಯ ದಾಯಾದಿಗಳು. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನಡುವೆ ಕೋಕೋ ಬೆಳೆಯುತ್ತಾರೆ, ಪುತ್ತೂರಿನಲ್ಲಿ 1986ರಿಂದ ಕ್ಯಾಂಪ್ಕೋ ಚಾಕೊಲೇಟ್ ಕಾರ್ಖಾನೆ ಇದೆ.

ನಿಮ್ಮೂರಿನ ನುಸಿ ಎಲ್ಲಿಂದ ಬರುತ್ತಿದೆ ಎಂದು ನೀವೇ ಪತ್ತೆ ಮಾಡಬಹುದು. ಅಗಲ ಬಾಯಿಯ ಮೂರು ಗಾಜಿನ ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ಬಾನಿಯ ಪಕ್ಕದ ಕೆಸರು, ಇನ್ನೊಂದರಲ್ಲಿ ಬಚ್ಚಲ ನೀರು ಹರಿಯುವಲ್ಲಿನ ಹಸಿ ಮಣ್ಣು, ಮೂರನೆಯದರಲ್ಲಿ ತಿಪ್ಪೆಯ ಮೇಲಿನ ಒಣ ಗೊಬ್ಬರ. ಒಂದೊಂದರಲ್ಲೂ ಕಾಲು ಭಾಗ ತುಂಬಿದರೆ ಸಾಕು. ಕೈಯಿಂದ ಮುಟ್ಟದೆ ಹಳೆಯ ಚಮಚದಿಂದ ತುಂಬಿ, ಆಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಬಾಯಿಗೆ ತೆಳು ಬಿಳಿ ಬಟ್ಟೆ ಬಿಗಿದು, ಚೀಟಿ ಅಂಟಿಸಿ, ಶಾಲೆಯಲ್ಲಿ ನೆರಳಿನ ಜಾಗದಲ್ಲಿ ಇಡಿ. ಮೊದಲ ಎರಡು ಒಣಗದಂತೆ ಬಟ್ಟೆಯ ಮೇಲಿಂದಲೇ ಆಗಾಗ ನಾಲ್ಕು ಹನಿ ನೀರು ಹಾಕಿ, ಮೂರನೆಯದಕ್ಕೆ ಬೇಡ. ದಿನವೂ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಭೂತಗನ್ನಡಿಯಿಂದ ಬಟ್ಟೆಯ ಒಳಬದಿಯನ್ನು ನೋಡಿ. ಮೂರು ವಾರದ ಒಳಗೆ ಯಾವ ಬಾಟಲಿಯಲ್ಲಿ, ಯಾವ ದಿನ, ಎಷ್ಟು ಚುಕ್ಕೆ ರೆಕ್ಕೆಯ ನುಸಿಗಳು ಕಂಡವು ಎಂದು ಪಟ್ಟಿ ಮಾಡಿ ವಿಜ್ಞಾನದ ಗುರುಗಳಿಗೆ ತೋರಿಸಿ. ಬಟ್ಟೆಯನ್ನು ಮಾತ್ರ ಬಿಚ್ಚಬೇಡಿ.