ದಾರದ ಹುರಿಯಲ್ಲಿದ್ದ ವೇಗ

2013ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಉಗಾಂಡದ ಆರೋಗ್ಯ ಕೇಂದ್ರವೊಂದಕ್ಕೆ ಹೋದಾಗ, ಅಲ್ಲಿನ ಸೆಂಟ್ರಿಫ್ಯೂಜ್ ಬಾಗಿಲು ಮುಚ್ಚಿಕೊಳ್ಳದಂತೆ ಅಡ್ಡ ಇಟ್ಟ ವಸ್ತುವಾಗಿತ್ತು. ಅಲ್ಲಿ ಕರೆಂಟ್ ಇರಲಿಲ್ಲ. ಯಂತ್ರದ ತೂಕವೊಂದೇ ಉಪಯೋಗಕ್ಕೆ ಬಂದಿತ್ತು.

ಎಷ್ಟೋ ರಕ್ತಪರೀಕ್ಷೆಗಳು ಈ ಯಂತ್ರವಿಲ್ಲದೆ ಶುರುವೇ ಆಗುವುದಿಲ್ಲ. ರಕ್ತವನ್ನು ಗಿರ್ರನೆ ತಿರುಗಿಸಿದರೆ ಭಾರದ ಕೆಂಪುಕಣಗಳು ತಳ ಸೇರುತ್ತವೆ, ತಿಳಿಹಳದಿ ಪ್ಲಾಸ್ಮಾ ಮೇಲೆ ನಿಲ್ಲುತ್ತದೆ, ನಡುವೆ ಬಿಳಿಕಣಗಳ ತೆಳುಪದರ. ಕೊಳವೆಯಲ್ಲಿ ಕೆಂಪುಭಾಗ ಎಷ್ಟಿದೆಯೆಂದು ಅಳೆದರೆ ರಕ್ತಹೀನತೆ ಗೊತ್ತಾಗುತ್ತದೆ. ಮಲೇರಿಯಾ ರೋಗಾಣು ಹೊಕ್ಕ ಕೆಂಪುಕಣ ಉಳಿದವಕ್ಕಿಂತ ಹಗುರ. ಅಂಥವು ಕೆಂಪುಭಾಗದ ಮೇಲ್ತುದಿಯಲ್ಲಿ ಒಟ್ಟುಗೂಡುವುದರಿಂದ ಸೂಕ್ಷ್ಮದರ್ಶಕದಡಿ ಬೇಗ ಸಿಗುತ್ತವೆ. ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಹೀಗಿರುವಾಗ ಕರೆಂಟ್ ಬೇಡದ ಸೆಂಟ್ರಿಫ್ಯೂಜ್ ನಮಗೂ ತೀರಾ ಹತ್ತಿರದ ವಿಷಯ.

ಕೈಯಿಂದ ತಿರುಗಿಸುವ ಪ್ರಯತ್ನಗಳು ಅದಕ್ಕೂ ಮೊದಲೇ ನಡೆದಿದ್ದವು. 2008ರಲ್ಲಿ ಹಾರ್ವರ್ಡ್‌ನವರು ಮೊಟ್ಟೆ ಕಡೆಯುವ ಸಾಧನಕ್ಕೆ ಕೊಳವೆ ಕಟ್ಟಿದರು. 2010ರಲ್ಲಿ ರೈಸ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿನಿಯರು ತೊಳೆದ ಸೊಪ್ಪಿನ ನೀರು ತೆಗೆಯುವ ತಿರುಗುಬುಟ್ಟಿಯನ್ನೇ ಸೆಂಟ್ರಿಫ್ಯೂಜ್ ಮಾಡಿದರು. ಎರಡೂ ಮೆಚ್ಚತಕ್ಕ ಯೋಚನೆಗಳೇ. ಆದರೆ ಇಂಥವುಗಳ ವೇಗ ನಿಮಿಷಕ್ಕೆ ಸುಮಾರು 1,200 ಸುತ್ತು ದಾಟುತ್ತಿರಲಿಲ್ಲ.

ಮನು ಪ್ರಕಾಶರ ಪ್ರಯೋಗಾಲಯದಲ್ಲಿ ಆಗ ಸಾದ್ ಭಾಮ್ಲಾ ಇದ್ದರು. ಮದ್ರಾಸ್ ಐಐಟಿಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿ, ಸ್ಟ್ಯಾನ್‌ಫರ್ಡ್‌ನಲ್ಲಿ ಪಿಎಚ್‌ಡಿ ಮಾಡಿ, ಅಲ್ಲೇ ಸಂಶೋಧನೆ ಮುಂದುವರಿಸಿದವರು. ತಿರುಗುವ ಆಟಿಕೆಗಳನ್ನೆಲ್ಲ ಇಬ್ಬರೂ ಪರೀಕ್ಷಿಸತೊಡಗಿದರು. ಅದರಲ್ಲೊಂದು ನಮ್ಮ ಊರಿನ ಮಕ್ಕಳಿಗೂ ಚೆನ್ನಾಗಿ ಗೊತ್ತು. ಸೋಡಾ ಬಾಟಲಿಯ ಮುಚ್ಚಳವನ್ನು ಜಜ್ಜಿ ಚಪ್ಪಟೆ ಮಾಡಿ, ನಡುವೆ ಎರಡು ತೂತು ಕೊರೆದು, ದಾರ ಪೋಣಿಸಿ, ಎರಡು ಕೈಯಲ್ಲಿ ಎಳೆದು ಬಿಟ್ಟು ಆಡುವ ಆಟ. ಅಂಗಿಯ ಗುಂಡಿಯಿಂದಲೂ ಮಾಡುತ್ತಾರೆ. ಸಾವಿರಾರು ವರ್ಷಗಳಿಂದ ಮನುಷ್ಯ ಆಡುತ್ತ ಬಂದದ್ದು. ಭಾಮ್ಲಾ ಅದನ್ನು ಅತಿವೇಗದ ಕ್ಯಾಮೆರಾದ ಮುಂದೆ ಹಿಡಿದು ಎಳೆದರು. ಲೆಕ್ಕ ಹಾಕಿದರೆ ನಿಮಿಷಕ್ಕೆ 10,000ದಿಂದ 15,000 ಸುತ್ತು!

ನನ್ನ ದೃಷ್ಟಿಯಲ್ಲಿ ನಿಜವಾದ ಆವಿಷ್ಕಾರ ಇಲ್ಲಿಂದಾಚೆಗಿನದು. ಆಟಿಕೆಗೆ ರಕ್ತದ ಕೊಳವೆ ಅಂಟಿಸಿ ಅಲ್ಲಿಗೇ ನಿಲ್ಲಿಸಬಹುದಿತ್ತು, ಅವರು ನಿಲ್ಲಿಸಲಿಲ್ಲ. ಅದು ಅಷ್ಟು ವೇಗವಾಗಿ ತಿರುಗುವುದೇಕೆ ಎಂದು ಕೇಳಿದರು. ಈ ಪ್ರಶ್ನೆಗೆ ಗಣಿತದ ಉತ್ತರ ಕಟ್ಟಲು ಎಂಐಟಿ ಮತ್ತು ಸ್ಟ್ಯಾನ್‌ಫರ್ಡ್‌ನಲ್ಲಿ ಇನ್ನೂ ಪದವಿ ಓದುತ್ತಿದ್ದ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಜೊತೆಗೂಡಿದರು.

ದಾರ ಎಳೆದಾಗ ಹುರಿ ಬಿಚ್ಚಿಕೊಂಡು ಬಿಲ್ಲೆ ತಿರುಗುತ್ತದೆ. ಹುರಿ ಪೂರ್ತಿ ಬಿಚ್ಚಿದ ಮೇಲೂ ಬಿಲ್ಲೆ ತನ್ನ ಓಟದಲ್ಲಿ ನಿಲ್ಲದೆ, ದಾರವನ್ನು ಎದುರು ದಿಕ್ಕಿಗೆ ಹೊಸೆಯುತ್ತ ಹೋಗುತ್ತದೆ. ಒಂದು ಹಂತ ದಾಟಿದರೆ ಹೊಸೆದ ದಾರ ತನ್ನ ಮೇಲೆ ತಾನೇ ಸುರುಳಿಯಾಗುತ್ತದೆ, ಹಳೆಯ ಟೆಲಿಫೋನಿನ ವಯರು ಮುರುಟಿಕೊಳ್ಳುವ ಹಾಗೆ. ಸುರುಳಿಯ ಮೇಲೆ ಸುರುಳಿ ಬಿದ್ದಷ್ಟೂ ಮುಂದಿನ ಎಳೆತಕ್ಕೆ ಹೆಚ್ಚು ಸುತ್ತು ಕೂಡಿಟ್ಟಂತೆ. ಡಿಎನ್‌ಎ ಎಳೆಗಳು ಹೀಗೇ ಸುರುಳಿಗೊಳ್ಳುತ್ತವೆ. ಅದನ್ನು ವಿವರಿಸುವ ಸಮೀಕರಣಗಳನ್ನೇ ತಂಡ ಇಲ್ಲಿಗೂ ತಂದಿತು. ಕೈಯ ಎಳೆತ, ಬಿಲ್ಲೆಗೆ ಗಾಳಿಯ ತಡೆ, ದಾರದ ಬಿಗಿತ ಮೂರನ್ನೂ ಕಂಪ್ಯೂಟರಿನಲ್ಲಿ ಕೂಡಿಸಿದಾಗ ಬಿಲ್ಲೆಯ ಅಳತೆ ಎಷ್ಟಿರಬೇಕು, ದಾರ ಎಂಥದಿರಬೇಕು ಎಂಬುದು ಊಹೆಯ ಮಾತಾಗಿ ಉಳಿಯಲಿಲ್ಲ.

ಹೀಗೆ ಬಂದದ್ದು ಪೇಪರ್‌ಫ್ಯೂಜ್. ಕಾಗದದ ಬಿಲ್ಲೆ, ಮೀನಿನ ಗಾಳದ ದಾರ, ಹಿಡಿಯಲು ಮರದ ಇಲ್ಲವೇ ಪಿವಿಸಿ ಪೈಪಿನ ತುಂಡು, ಬಿಲ್ಲೆಯ ಮೇಲೆ ಮುಚ್ಚಿದ ಸ್ಟ್ರಾದೊಳಗೆ ರಕ್ತದ ಸಣ್ಣ ಕೊಳವೆ. ತೂಕ 2 ಗ್ರಾಂ, ಖರ್ಚು 20 ಸೆಂಟ್, ಆಗಿನ ಲೆಕ್ಕದಲ್ಲಿ ಸುಮಾರು 14 ರೂಪಾಯಿ. ಈ ವಿನ್ಯಾಸದಲ್ಲಿ ಅವರು ಮುಟ್ಟಿದ ಗರಿಷ್ಠ ವೇಗ ನಿಮಿಷಕ್ಕೆ 1,25,000 ಸುತ್ತು, ಬಲ ಗುರುತ್ವದ 30,000 ಪಟ್ಟು. ಒಂದೂವರೆ ನಿಮಿಷದೊಳಗೆ ಪ್ಲಾಸ್ಮಾ ಬೇರೆಯಾಯಿತು. 15 ನಿಮಿಷದಲ್ಲಿ ಮಲೇರಿಯಾ ರೋಗಾಣುಗಳನ್ನೂ ಬೇರ್ಪಡಿಸಬಹುದಾಯಿತು. 2017ರ ಜನವರಿಯಲ್ಲಿ ‘ನೇಚರ್ ಬಯೋಮೆಡಿಕಲ್ ಎಂಜಿನಿಯರಿಂಗ್’ ಪತ್ರಿಕೆ ಈ ಕುರಿತ ತಂಡದ ಪ್ರಬಂಧವನ್ನು ಪ್ರಕಟಿಸಿತು.

ದಿನಕ್ಕೆ ನೂರಾರು ಮಾದರಿ ಬರುವ ಆಸ್ಪತ್ರೆಯ ಲ್ಯಾಬಿಗೆ ಇದು ಒದಗುವುದಿಲ್ಲ, ಒದಗಬೇಕಾಗಿಯೂ ಇಲ್ಲ. ರಕ್ತ ಬೇರ್ಪಡಿಸಿದ ಮೇಲೆ ಅದನ್ನು ಓದಬಲ್ಲ ತರಬೇತಾದ ಕಣ್ಣು, ರೋಗಾಣು ಹುಡುಕಲು ಸೂಕ್ಷ್ಮದರ್ಶಕ ಎರಡೂ ಬೇಕೇ ಬೇಕು. ಎರಡನೆಯದಕ್ಕೆಂದು ಇದೇ ಪ್ರಯೋಗಾಲಯ 2014ರಲ್ಲೇ ಕಾಗದ ಮಡಚಿ ಮಾಡುವ ಫೋಲ್ಡ್‌ಸ್ಕೋಪ್ ಹೊರತಂದಿತ್ತು. ಮೊದಲನೆಯದಕ್ಕಾಗಿ ತಂಡ ಮಡಗಾಸ್ಕರ್‌ಗೆ ಹೋಗಿ, ಹಳ್ಳಿಹಳ್ಳಿ ಸುತ್ತುವ ಆರೋಗ್ಯ ಕಾರ್ಯಕರ್ತರ ಕೈಗೆ ಪೇಪರ್‌ಫ್ಯೂಜ್ ಕೊಟ್ಟು, ಅವರು ಅದನ್ನು ಹೇಗೆ ಬಳಸುತ್ತಾರೆ ಎಂದು ಜೊತೆಗಿದ್ದು ನೋಡಿತು.