ಸ್ನೋಮೊಬೈಲ್ ಬೇರಿಂಗ್ ಕೆಡುವುದು ಬೇಸಿಗೆಯಲ್ಲಿ

ಗುಲ್ಮಾರ್ಗ್‌ಗೆ ಹೋದ ನಮ್ಮವರು ಬಾಡಿಗೆ ಕೊಟ್ಟು ಹತ್ತುವ ಸ್ನೋ ಸ್ಕೂಟರ್, ಅಮೆರಿಕ ಮತ್ತು ಕೆನಡಾಗಳಲ್ಲಿ ಮನೆಯ ಷೆಡ್ಡಿನಲ್ಲಿ ನಿಲ್ಲುವ ಸ್ನೋಮೊಬೈಲ್, ಎರಡೂ ಒಂದೇ ಯಂತ್ರ. ಎಂಜಿನ್ನಿನ ಶಕ್ತಿ ರಬ್ಬರ್ ಬೆಲ್ಟಿನ ಮೂಲಕ ಒಂದು ಕ್ಲಚ್‌ನಿಂದ ಇನ್ನೊಂದಕ್ಕೆ ಹೋಗುತ್ತದೆ. ನಮ್ಮ ಗೇರಿಲ್ಲದ ಸ್ಕೂಟರುಗಳಲ್ಲಿ ಇರುವುದೂ ಇದೇ ಏರ್ಪಾಡು. ಅಲ್ಲಿಂದ ಹೆಚ್ಚಿನ ಮಾದರಿಗಳಲ್ಲಿ ಜ್ಯಾಕ್‌ಶಾಫ್ಟ್, ಎಣ್ಣೆ ತುಂಬಿದ ಚೈನ್‌ಕೇಸ್, ಕೊನೆಗೆ ಟ್ರ್ಯಾಕ್ ತಿರುಗಿಸುವ ಡ್ರೈವ್‌ಶಾಫ್ಟ್. ಈ ಎರಡು ಶಾಫ್ಟುಗಳ ತುದಿಗಳಲ್ಲಿ ಕೂತ ಬೇರಿಂಗುಗಳ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಗಾಡಿಯ ಬೇರೆ ಭಾಗಗಳ ಬಗ್ಗೆ ಇಲ್ಲ.

ಎಲ್ಲಕ್ಕಿಂತ ದೊಡ್ಡ ನಂಬಿಕೆ: “ಸೀಲ್ಡ್ ಬೇರಿಂಗ್ ತಾನೆ, ಮತ್ತೆ ಮುಟ್ಟಿ ನೋಡಬೇಕಿಲ್ಲ.”

ಸೀಲ್ ಗ್ರೀಸನ್ನು ಒಳಗೆ ಹಿಡಿದಿಡುತ್ತದೆ, ಕೊಳೆಯನ್ನು ಹೊರಗಿಡುತ್ತದೆ, ಅಷ್ಟೇ. ನೀರನ್ನು ಪೂರ್ತಿ ತಡೆಯುವ ಶಕ್ತಿ ಅದಕ್ಕಿಲ್ಲ. ಗಾಡಿ ಓಡುವಾಗ ಬೇರಿಂಗ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ, ಒಂದಿಷ್ಟು ಹೊರಗೆ ಹೋಗುತ್ತದೆ. ನಿಲ್ಲಿಸಿದ ಮೇಲೆ ತಣ್ಣಗಾಗುತ್ತ ಉಳಿದ ಗಾಳಿ ಕುಗ್ಗುತ್ತದೆ; ಆಗ ಸೀಲಿನ ಅಂಚಿನಲ್ಲಿ ಕರಗಿ ನಿಂತ ಹಿಮದ ನೀರನ್ನು ಬೇರಿಂಗ್ ಒಳಕ್ಕೆ ಎಳೆದುಕೊಳ್ಳುತ್ತದೆ. ಚಳಿಗಾಲದುದ್ದಕ್ಕೂ ಇದೇ ನಡೆಯುತ್ತದೆ. ಆದರೂ ಗಾಡಿ ಓಡುತ್ತಿರುವಷ್ಟು ದಿನ ಗ್ರೀಸ್ ಎಲ್ಲ ಕಡೆ ಹರಡಿಕೊಂಡು ಉಕ್ಕನ್ನು ಕಾಯುತ್ತದೆ. ತೊಂದರೆ ಶುರುವಾಗುವುದು ಆಮೇಲೆ. ಮಿಷಿಗನ್‌ನಲ್ಲಿ ಸರ್ಕಾರಿ ಸ್ನೋಮೊಬೈಲ್ ದಾರಿಗಳು ತೆರೆದಿರುವುದು ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ. ಉಳಿದ 8 ತಿಂಗಳು ಗುಂಡುಗಳು ಒಂದೇ ಜಾಗದಲ್ಲಿ ರೇಸಿಗೆ, ಅಂದರೆ ತಾವು ಉರುಳುವ ಉಕ್ಕಿನ ಬಳೆಗೆ, ಒತ್ತಿಕೊಂಡು ಕೂತಿರುತ್ತವೆ, ಅವುಗಳ ಪಕ್ಕದಲ್ಲೇ ಒಳಹೊಕ್ಕ ನೀರೂ ಇರುತ್ತದೆ. ಅಲ್ಲಿ ಸಾಸಿವೆಗಿಂತ ಸಣ್ಣ ತುಕ್ಕಿನ ಕುಳಿ ಬಿದ್ದರೂ ಸಾಕು. ಮುಂದಿನ ಡಿಸೆಂಬರಿನಲ್ಲಿ ಗುಂಡು ಆ ಕುಳಿಯ ಮೇಲೆ ಉರುಳಿದಾಗಲೆಲ್ಲ ಅದರ ಅಂಚು ಒಡೆಯುತ್ತ ಹೋಗುತ್ತದೆ. ಬೇರಿಂಗ್ ಮುರಿದದ್ದು ಹಿಮದಲ್ಲೇ ಇರಬಹುದು, ಕೆಟ್ಟದ್ದು ಮಾತ್ರ ಷೆಡ್ಡಿನಲ್ಲಿ.

ಹಾಗಾಗಿ ಮಾರ್ಚ್ ಕೊನೆಯಲ್ಲಿ ಗಾಡಿಯನ್ನು ಪ್ರೆಷರ್ ವಾಷರಿನಿಂದ ಚೆನ್ನಾಗಿ ತೊಳೆದು ನಿಲ್ಲಿಸುವ ಒಳ್ಳೆಯ ಅಭ್ಯಾಸವೇ ಬೇರಿಂಗಿಗೆ ಮುಳುವಾಗುತ್ತದೆ. ಆ ರಭಸಕ್ಕೆ ಸೀಲಿನ ತುಟಿ ಮಡಚಿ ನೀರು ನೇರ ಒಳಗೆ ಹೋಗುತ್ತದೆ. ಶಾಫ್ಟಿನ ತುದಿಗಳಿಂದ ಪೈಪನ್ನು ದೂರ ಇಡಿ. ತೊಳೆದ ಮೇಲೆ ಒಂದು ಸಲ ಓಡಿಸಿ, ನೀರು ಆರಲು ಬಿಟ್ಟು, ಆಮೇಲೆ ನಿಲ್ಲಿಸಿ.

“ಕೆಟ್ಟರೆ ಸದ್ದು ಬರುತ್ತದೆ, ಆಗ ನೋಡೋಣ” ಎನ್ನುವವರೂ ಇದ್ದಾರೆ. ಎಂಜಿನ್ನಿನ ಅಬ್ಬರದಲ್ಲಿ, ಹೆಲ್ಮೆಟ್ಟಿನ ಒಳಗಿರುವ ಕಿವಿಗೆ ಬೇರಿಂಗಿನ ಸದ್ದು ಮುಟ್ಟುವ ಹೊತ್ತಿಗೆ ಶಾಫ್ಟೂ ಸವೆದಿರುತ್ತದೆ. ನಂಬಬೇಕಾದದ್ದು ಬೆರಳುಗಳನ್ನು. ಎಂಜಿನ್ ಆಫ್ ಮಾಡಿ, ಗಾಡಿಯ ಹಿಂಭಾಗ ಎತ್ತಿ ಭದ್ರವಾಗಿ ನಿಲ್ಲಿಸಿ, ಬೆಲ್ಟ್ ಬಿಚ್ಚಿ. ಎರಡನೆಯ ಕ್ಲಚ್ಚನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸುತ್ತ ಇನ್ನೊಂದು ಕೈಯನ್ನು ಬೇರಿಂಗಿನ ಮನೆಯ ಮೇಲಿಡಿ. ಮರಳು ಸಿಕ್ಕಿಕೊಂಡಂತೆ ಗರಗರ ಅನಿಸಿದರೆ, ಶಾಫ್ಟನ್ನು ಮೇಲೆ ಕೆಳಗೆ ಅಲುಗಿಸಿದಾಗ ಸಡಿಲ ಕಂಡರೆ, ಸೀಲಿನ ಸುತ್ತ ಕಂದು ಕಲೆ ಇಳಿದಿದ್ದರೆ ಆ ಬೇರಿಂಗಿನ ಕಥೆ ಮುಗಿಯಿತು. ಅದಕ್ಕೆ ಹೊಸ ಗ್ರೀಸ್ ತುಂಬಿ ಪ್ರಯೋಜನವಿಲ್ಲ. ಬಿದ್ದ ಕುಳಿಯನ್ನು ಗ್ರೀಸ್ ಮುಚ್ಚುವುದಿಲ್ಲ.

ಗ್ರೀಸ್ ಹೆಚ್ಚಾದಷ್ಟೂ ಒಳ್ಳೆಯದು ಎನ್ನುವುದೂ ನಿಜವಲ್ಲ. ಬೇರಿಂಗಿನೊಳಗಿನ ಖಾಲಿ ಜಾಗದ ಮೂರನೇ ಒಂದರಿಂದ ಅರ್ಧ ಭಾಗ ಸಾಕು. ಕಿಕ್ಕಿರಿದು ತುಂಬಿದರೆ ಗ್ರೀಸ್ ಕಡೆದು ಬಿಸಿಯಾಗಿ ಸೀಲನ್ನೇ ಹೊರಗೆ ತಳ್ಳುತ್ತದೆ.

“ನಂಬರ್ ಒಂದೇ ಇದ್ದರೆ ಯಾವುದಾದರೂ ನಡೆಯುತ್ತದೆ” ಎಂದು ಅಂಗಡಿಯಲ್ಲಿ ಹೇಳಿಸಿಕೊಂಡರೆ ಒಪ್ಪಬೇಡಿ. 6205 ಎಂಬುದು ಅಳತೆಯನ್ನು ಹೇಳುತ್ತದೆ: ಒಳವ್ಯಾಸ 25 ಮಿಮೀ, ಹೊರವ್ಯಾಸ 52, ದಪ್ಪ 15. ಸ್ವಭಾವ ತಿಳಿಯುವುದು ಅದರ ಮುಂದಿನ ಅಕ್ಷರಗಳಿಂದ. 2ಆರ್‌ಎಸ್ ಎಂದರೆ ಎರಡೂ ಬದಿ ರಬ್ಬರ್ ಸೀಲ್. ಸಿ3 ಎಂದರೆ ಬಿಸಿಗೆ ಹಿಗ್ಗಲು ಒಳಗೆ ಹೆಚ್ಚು ಸಡಿಲ ಬಿಟ್ಟದ್ದು. ಚೈನ್‌ಕೇಸ್ ಬದಿಯ ಬೇರಿಂಗಿಗೆ ಅಲ್ಲಿನ ಎಣ್ಣೆಯೇ ಆಧಾರವಾಗಿದ್ದರೆ ಎಣ್ಣೆಯ ಕಡೆ ಸೀಲ್ ಇರಬಾರದು. ಬಿಚ್ಚಿದ ಹಳೆಯ ಬೇರಿಂಗಿನ ಮೇಲಿನ ಅಕ್ಷರಗಳನ್ನು ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ಜೊತೆ ಹೋಲಿಸಿ ಕೊಳ್ಳಿ. ಹಿಂದಿನ ಮಾಲೀಕ ತಪ್ಪು ಬೇರಿಂಗ್ ಹಾಕಿಸಿರುವುದೂ ಉಂಟು.

ಕೂರಿಸುವಾಗ ಸುತ್ತಿಗೆಯಿಂದ ಸಿಕ್ಕಲ್ಲಿ ಬಡಿಯುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಶಾಫ್ಟಿನ ಮೇಲೆ ಬಿಗಿಯಾಗಿ ಕೂರುವುದಾದರೆ ಒಳಗಿನ ರೇಸನ್ನೇ ಒತ್ತಬೇಕು, ಮನೆಯೊಳಗೆ ಬಿಗಿಯಾಗಿ ಕೂರುವುದಾದರೆ ಹೊರಗಿನದನ್ನು. ತಿರುಗಾಮುರುಗಾ ಮಾಡಿದರೆ ಪೆಟ್ಟೆಲ್ಲ ಗುಂಡುಗಳ ಮೂಲಕ ಹಾದು ರೇಸಿನಲ್ಲಿ ತಗ್ಗು ಬೀಳುತ್ತದೆ. ಹೊಸ ಬೇರಿಂಗ್ ಗಾಡಿ ಹೊರಡುವ ಮೊದಲೇ ಹಾಳು.

ಕೆಲವು ಮಾದರಿಗಳಲ್ಲಿ ಶಾಫ್ಟನ್ನು ಹಿಡಿಯುವುದು ಬೇರಿಂಗಿನ ಪಕ್ಕದ ಲಾಕಿಂಗ್ ಕಾಲರ್. ಅದನ್ನು ಶಾಫ್ಟ್ ತಿರುಗುವ ದಿಕ್ಕಿನಲ್ಲೇ ತಿರುಗಿಸಿ ಬಿಗಿ ಮಾಡಿ, ಆಮೇಲೆ ಸ್ಕ್ರೂ ಹಾಕಬೇಕು. ಕಾಲರ್ ಸಡಿಲವಾದರೆ ಗುಂಡುಗಳ ಬದಲು ಶಾಫ್ಟೇ ಒಳರೇಸಿನೊಳಗೆ ಸುತ್ತತೊಡಗುತ್ತದೆ. ಬೇರಿಂಗ್ ತೆಗೆದಾಗ ಶಾಫ್ಟಿನ ಆ ಜಾಗದ ಮೇಲೆ ಉಗುರು ಎಳೆದು ನೋಡಿ. ಉಗುರಿಗೆ ಗೀರು ಸಿಕ್ಕಿದರೆ ಬೇರಿಂಗ್ ಮಾತ್ರ ಬದಲಿಸಿ ಸುಖವಿಲ್ಲ, ಶಾಫ್ಟನ್ನೂ ಬದಲಿಸಬೇಕು.