ಸ್ವತ್ತಿನ ವರ್ಗಾವಣೆಯ ದ್ವಾರ ಬದಲಾದಾಗ: ಆಪ್ಟಿಮಿಸಂ ಜಾಲದ ನಿದರ್ಶನ

ಒಂದು ಲೆಕ್ಕದ ಪುಸ್ತಕದಲ್ಲಿರುವ ಸ್ವತ್ತನ್ನು ಮತ್ತೊಂದಕ್ಕೆ ಸಾಗಿಸುವ ಸಮಸ್ಯೆ ವಾಣಿಜ್ಯದಷ್ಟೇ ಹಳೆಯದು. ನಮ್ಮ ದೇಶದ ಸಾಹುಕಾರರು ಇದನ್ನು ಹುಂಡಿಯ ಮೂಲಕ ಪರಿಹರಿಸಿಕೊಂಡಿದ್ದರು. ಕಂಡೊಡನೆ ಹಣ ಸಲ್ಲಿಸತಕ್ಕದ್ದು ದರ್ಶನಿ ಹುಂಡಿ; ಗೊತ್ತಾದ ಅವಧಿ ಕಳೆದ ಮೇಲೆ ಸಲ್ಲಿಸತಕ್ಕದ್ದು ಮುದ್ದತಿ ಹುಂಡಿ. ಬ್ಲಾಕ್‌ಚೈನುಗಳ ನಡುವಣ ವ್ಯವಹಾರದಲ್ಲಿ ಸಾಹುಕಾರನ ಸ್ಥಾನದಲ್ಲಿರುವುದು ಕೋಡಿನಲ್ಲಿ ಬರೆದ ಒಂದು ವಿಧಿ. ಆ ವಿಧಿಯೇ ಬದಲಾದರೆ, ಅದನ್ನು ನಂಬಿ ರಚಿತವಾದ ಆ್ಯಪ್‌ಗಳೂ ಮಾರ್ಗಮಧ್ಯದಲ್ಲಿರುವ ಸ್ವತ್ತೂ ಏನಾಗುತ್ತವೆಂಬುದನ್ನು ಒಂದು ನಿದರ್ಶನದ ಮೂಲಕ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಎಥೀರಿಯಂ ಎಂಬುದು ಬಹುಮಂದಿಯ ಗಣಕಯಂತ್ರಗಳು ಕೂಡಿ ಕಾಯುವ ಬಹಿರಂಗ ಲೆಕ್ಕದ ಪುಸ್ತಕ. ಅದರಲ್ಲಿ ಒಂದೊಂದು ದಾಖಲೆಗೂ ತಗಲುವ ವೆಚ್ಚ ಅಧಿಕವಾದುದರಿಂದ, ಅದನ್ನೇ ಆಧಾರವಾಗಿಟ್ಟುಕೊಂಡು ಆಪ್ಟಿಮಿಸಂ ಎಂಬ ಎರಡನೆಯ ಪುಸ್ತಕ ಹುಟ್ಟಿತು. ಎರಡರ ನಡುವೆ ಒಂದು ದ್ವಾರವುಂಟು. ಎಥೀರಿಯಂನಲ್ಲಿ ಸ್ವತ್ತನ್ನು ದ್ವಾರದ ವಶಕ್ಕೆ ಒಪ್ಪಿಸಿದರೆ ಆಪ್ಟಿಮಿಸಂನಲ್ಲಿ ಅಷ್ಟೇ ಮೊತ್ತ ಜಮೆಯಾಗುತ್ತದೆ. ಈ ದಿಕ್ಕಿನ ಪ್ರಯಾಣ ಸುಲಭ. ಹಿಂದಿರುಗುವ ದಾರಿ ಮಾತ್ರ ದೀರ್ಘವಾದುದು. ಏಕೆಂದರೆ ಎರಡನೆಯ ಪುಸ್ತಕದ ಮಾತನ್ನು ಮೊದಲನೆಯದು ಒಡನೆಯೇ ಒಪ್ಪುವುದಿಲ್ಲ. ಆಕ್ಷೇಪಣೆಗೆ ಅವಕಾಶವಿರಲೆಂದು ೭ ದಿನಗಳ ಅವಧಿಯನ್ನು ವಿಧಿಸಲಾಗಿದೆ.

೨೦೨೩ನೆಯ ಇಸವಿ ಜೂನ್ ೬ರಂದು ಈ ಜಾಲದಲ್ಲಿ ಬೆಡ್‌ರಾಕ್ ಎಂಬ ಸುಧಾರಣೆ ಜಾರಿಗೆ ಬಂದಿತು. ಅದಕ್ಕೆ ಮುಂಚೆ, ಅವಧಿ ಕಳೆದ ಮೇಲೆ ಪುರಾವೆಯನ್ನು ತೋರಿಸುವುದೂ ಸ್ವತ್ತನ್ನು ಪಡೆಯುವುದೂ ಒಂದೇ ಕ್ರಿಯೆಯಲ್ಲಿ ಮುಗಿಯುತ್ತಿದ್ದವು. ಬೆಡ್‌ರಾಕ್ ಇವೆರಡನ್ನು ಬೇರ್ಪಡಿಸಿತು. ಮೊದಲು ಪುರಾವೆಯನ್ನು ಸಲ್ಲಿಸಬೇಕು. ೭ ದಿನಗಳ ಎಣಿಕೆ ಅಲ್ಲಿಂದ ಆರಂಭವಾಗುತ್ತದೆ. ಆಮೇಲೆ ಎರಡನೆಯ ಕ್ರಿಯೆಯಿಂದ ಸ್ವತ್ತನ್ನು ಪಡೆಯಬೇಕು. ಇದಕ್ಕೆ ಕಾರಣವುಂಟು. ೨೦೨೨ರ ಅಕ್ಟೋಬರಿನಲ್ಲಿ ಬಿ.ಎನ್.ಬಿ. ಜಾಲದ ದ್ವಾರವು ಕಲ್ಪಿತ ಪುರಾವೆಯನ್ನು ನಿಜವೆಂದು ಸ್ವೀಕರಿಸಿದುದರಿಂದ ೨೦ ಲಕ್ಷ ಬಿ.ಎನ್.ಬಿ. ನಾಣ್ಯಗಳು ವಂಚಕನ ಪಾಲಾದುವು. ಪುರಾವೆಯೂ ಪಾವತಿಯೂ ಒಂದೇ ಕ್ಷಣದಲ್ಲಿ ನಡೆಯುವಲ್ಲಿ ಮೋಸವನ್ನು ಗುರುತಿಸಲು ಎಡೆಯಿರುವುದಿಲ್ಲ. ಪುರಾವೆ ೭ ದಿನ ಮುಂಚೆಯೇ ಬಹಿರಂಗವಾದರೆ, ಅದನ್ನು ಮೂಲ ದಾಖಲೆಯೊಡನೆ ತಾಳೆ ನೋಡಲು ಯಾರಿಗಾದರೂ ಸಾಧ್ಯ.

ಈ ಬದಲಾವಣೆ ಆ್ಯಪ್ ರಚಿಸಿದವರ ಮೇಲೆ ಹೊರಿಸಿದ ಹೊಣೆಯನ್ನು ಈಗ ನೋಡೋಣ. ದ್ವಾರದ ಮುಖ್ಯ ಕಾಂಟ್ರಾಕ್ಟಿನ ವಿಳಾಸ ಮೊದಲಿನಂತೆಯೇ ಉಳಿದಿತ್ತು. ವಿಳಾಸ ಬದಲಾಗಲಿಲ್ಲವೆಂದ ಮಾತ್ರಕ್ಕೆ ಕೋಡನ್ನು ಹಾಗೆಯೇ ಬಿಟ್ಟರೆ ಬಳಕೆದಾರನು ೭ ದಿನ ವೃಥಾ ಕಾಯಬೇಕಾಗುತ್ತಿತ್ತು; ಪುರಾವೆಯನ್ನೇ ಸಲ್ಲಿಸದಿರುವಾಗ ಅವಧಿಯ ಎಣಿಕೆಯೇ ಮೊದಲಾಗುವುದಿಲ್ಲ. ಆದುದರಿಂದ ಪುರಾವೆ ಬಾಕಿ, ಅವಧಿ ನಡೆಯುತ್ತಿದೆ, ಪಡೆಯಬಹುದು ಎಂಬ ಮೂರು ಸ್ಥಿತಿಗಳನ್ನು ಆ್ಯಪ್ ಪ್ರತ್ಯೇಕವಾಗಿ ತೋರಿಸಬೇಕಾಯಿತು; ಎಥೀರಿಯಂನಲ್ಲಿ ಎರಡು ಬಾರಿ ಸಹಿಯೂ ಶುಲ್ಕವೂ ಅಗತ್ಯವೆಂದು ಮೊದಲೇ ತಿಳಿಸಬೇಕಾಯಿತು. ಕಾಲಗಣನೆಯೂ ಬದಲಾಯಿತು. ಹಿಂದೆ ಒಂದೊಂದು ವ್ಯವಹಾರಕ್ಕೂ ಒಂದೊಂದು ಬ್ಲಾಕ್ ಇತ್ತು. ಬೆಡ್‌ರಾಕ್ ಬಂದ ಮೇಲೆ ೨ ಸೆಕೆಂಡಿಗೊಮ್ಮೆ ಬ್ಲಾಕ್ ರಚಿತವಾಗತೊಡಗಿತು. ಬ್ಲಾಕುಗಳ ಸಂಖ್ಯೆಯನ್ನು ನಂಬಿ ಬರೆದ ಲೆಕ್ಕಗಳನ್ನೆಲ್ಲ ತಿದ್ದಬೇಕಾಯಿತು. ಗೋರ್ಲಿ ಎಂಬ ಪರೀಕ್ಷಾ ಜಾಲದಲ್ಲಿ ೨೦೨೩ರ ಜನವರಿಯಲ್ಲಿಯೇ ಸುಧಾರಣೆ ಜಾರಿಯಾಗಿದ್ದುದರಿಂದ, ಇದನ್ನೆಲ್ಲ ಮೊದಲೇ ಪ್ರಯೋಗಿಸಿ ನೋಡಲು ಸುಮಾರು ೫ ತಿಂಗಳ ಅವಕಾಶ ದೊರೆತಿತ್ತು.

ಎರಡನೆಯ ಪರಿವರ್ತನೆ ೨೦೨೪ರ ಜೂನ್ ೧೦ರಂದು ನಡೆಯಿತು. ಅದುವರೆಗೆ ಆಪ್ಟಿಮಿಸಂನ ಸ್ಥಿತಿಗತಿಯನ್ನು ಎಥೀರಿಯಂಗೆ ವರದಿ ಮಾಡುವ ಅಧಿಕಾರ ನಿಯುಕ್ತನೊಬ್ಬನಿಗೆ ಮಾತ್ರ ಇತ್ತು. ಆ ದಿನದಿಂದ ಯಾರಾದರೂ ವರದಿ ಸಲ್ಲಿಸಬಹುದು, ಯಾರಾದರೂ ಅದನ್ನು ಪ್ರಶ್ನಿಸಬಹುದು ಎಂದಾಯಿತು. ವರದಿಗಳನ್ನು ಇರಿಸುತ್ತಿದ್ದ ಹಳೆಯ ಕಾಂಟ್ರಾಕ್ಟ್ ನಿವೃತ್ತವಾಗಿ, ವಿವಾದಗಳನ್ನು ನಿರ್ವಹಿಸುವ ಹೊಸದು ಆ ಸ್ಥಾನಕ್ಕೆ ಬಂದಿತು. ಹಳೆಯದನ್ನೇ ವಿಚಾರಿಸುತ್ತಿದ್ದ ಕೋಡಿಗೆ ಹೊಸ ವರ್ತಮಾನ ತಿಳಿಯುವಂತಿರಲಿಲ್ಲ. ಪುರಾವೆಯ ದಾಖಲೆಯನ್ನು ಹಿಂದೆ ವಾಪಸಾತಿಯ ಗುರುತೊಂದರಿಂದಲೇ ಹುಡುಕಬಹುದಾಗಿತ್ತು. ಈಗ ಪುರಾವೆ ಸಲ್ಲಿಸಿದವನ ವಿಳಾಸವೂ ಬೇಕಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಪುರಾವೆ ಸಲ್ಲಿಸಿದ್ದರೂ ಸ್ವತ್ತನ್ನು ಇನ್ನೂ ಪಡೆಯದಿದ್ದವರು ಮತ್ತೆ ಪುರಾವೆ ಸಲ್ಲಿಸಿ, ಮೊದಲಿನಿಂದ ಕಾಯಬೇಕಾಗಿ ಬಂದಿತು.

ಈ ಎರಡು ಸಂದರ್ಭಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ದ್ವಾರ ಬದಲಾದಾಗ ಆ್ಯಪ್ ರಚಿಸಿದವನು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು: ವಿಳಾಸ ಅದೇ ಆಗಿದೆಯೆ? ಕ್ರಿಯೆಗಳ ಅನುಕ್ರಮವೂ ಅವಧಿಯ ಎಣಿಕೆಯೂ ಅವೇ ಆಗಿವೆಯೆ? ಹಳೆಯ ನಿಯಮದಂತೆ ಹೊರಟು ಇನ್ನೂ ತಲಪದಿರುವ ಸ್ವತ್ತಿಗೆ ಯಾವ ನಿಯಮ ಅನ್ವಯಿಸುತ್ತದೆ? ಮೊದಲನೆಯದಕ್ಕೆ ಉತ್ತರ ಒಂದೇ ನೋಟದಲ್ಲಿ ದೊರೆಯುತ್ತದೆ. ಎರಡನೆಯದಕ್ಕೆ ಪರೀಕ್ಷೆ ಬೇಕು. ಮೂರನೆಯದು ಸುಲಭವಾಗಿ ಮರೆತುಹೋಗತಕ್ಕದ್ದು; ಆದರೆ ಹಣವನ್ನು ಕಳುಹಿಸಿ ಕಾದು ಕುಳಿತವನಿಗೆ ಮುಖ್ಯವಾದುದು ಅದೊಂದೇ. ಹುಂಡಿಯ ಕಾಲದಲ್ಲಿ ಅವನು ಸಾಹುಕಾರನ ಅಂಗಡಿಗೆ ಹೋಗಿ ವಿಚಾರಿಸಬಹುದಾಗಿತ್ತು. ಇಲ್ಲಿ ಅವನ ಕಣ್ಣೆದುರಿಗೆ ಇರುವುದು ಆ್ಯಪ್ ತೋರಿಸುವ ಒಂದು ಸಾಲು. ಆ ಸಾಲನ್ನು ನಿಜವಾಗಿ ಉಳಿಸಿಕೊಳ್ಳುವುದೇ ಕೋಡಿನ ಪರಿಷ್ಕರಣದ ಪರಮಾರ್ಥ.